ಕಾಲು ಕುಣಿಸೋದು, ಉಗುರು ಕಚ್ಚೋದು, ಮೇಲಿಂದ ಮೇಲೆ ಕವಳ (ಎಲೆ ಅಡಿಕೆ): ಮೈ ತೋರಿಸುವ ಒತ್ತಡದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಆಪ್ತಸಮಾಲೋಚನೆಯ ಮಾತು ಬಂದಾಗ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ತಮ್ಮ ಬಗ್ಗೆ ಕೇಳುವವರು ಕಡಿಮೆ. "ನಮ್ಮ ಹುಡುಗ ಹೀಗೆ ಮಾಡ್ತಾನೆ", "ನಮ್ಮನೆಯವರು ಯಾಕೋ ಹಾಗೆ ಕೂರ್ತಾರೆ" ಅಂತಲೇ ಮಾತು ಶುರು. ಪ್ರಶ್ನೆಗಳನ್ನು ಅವರು ಕೇಳಿದ ಧಾಟಿಯಲ್ಲೇ ಇಟ್ಟಿದ್ದೇನೆ.

ಕೂತಲ್ಲೇ ಕಾಲು ಕುಣಿಸ್ತಾನೆ, ಉಗುರು ಕಚ್ತಾನೆ. ಟೆನ್ಷನ್ ಅಂತಲೇ ಲೆಕ್ಕನಾ?

ಅಷ್ಟು ಬೇಗ ಲೆಕ್ಕ ಹಾಕಬೇಡಿ. ತುಂಬ ಜನ ಸುಮ್ನೆ ರೂಢಿಯಿಂದ ಕಾಲು ಕುಣಿಸುತ್ತಾರೆ. ಬೇಜಾರಾದಾಗ, ಏನೋ ಗಾಢವಾಗಿ ಯೋಚಿಸುವಾಗ, ಟಿವಿಯಲ್ಲಿ ಕ್ರಿಕೆಟ್ ಕೊನೇ ಓವರಿಗೆ ಬಂದಾಗಲೂ ಕುಣಿಸುತ್ತಾರೆ. ಮುಖ ಮುಟ್ಟಿಕೊಳ್ಳುವುದೂ ಹಾಗೇ. ಆಸ್ಟ್ರೇಲಿಯಾದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳನ್ನು ತರಗತಿಯಲ್ಲಿ ಗಮನಿಸಿ ಲೆಕ್ಕ ಹಾಕಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಗಂಟೆಗೆ ಸರಾಸರಿ 23 ಸಲ ಅವರ ಕೈ ಮುಖಕ್ಕೆ ಹೋಗಿತ್ತು. ಅವರಿಗೆಲ್ಲ ಮನಸ್ಸಿನ ಕಷ್ಟ ಇತ್ತು ಅಂತ ಹೇಳೋಕಾಗುತ್ತಾ?

ಕೇಳಬೇಕಾದ್ದು ಬೇರೆ. ಈ ಅಭ್ಯಾಸ ಯಾವಾಗ ಶುರುವಾಯಿತು? ಯಾವ ಹೊತ್ತಿಗೆ ಜಾಸ್ತಿ ಆಗುತ್ತೆ? ಹತ್ತು ವರ್ಷದಿಂದ ಕಾಲು ಕುಣಿಸುತ್ತಿರುವ ಅಣ್ಣನ ಚಿಂತೆ ಬಿಡಿ. ಯಾವತ್ತೂ ತಣ್ಣಗೆ ಕೂರುತ್ತಿದ್ದ ತಮ್ಮ ಈ ತಿಂಗಳು ಕೂತಲ್ಲಿ ಕೂರುತ್ತಿಲ್ಲ ಅಂದರೆ ಅವನ ಕಡೆ ನೋಡಿ.

"ಕಾಲು ಕುಣಿಸಬೇಡ, ಮನೆಗೆ ದರಿದ್ರ" ಅಂತ ಅಜ್ಜಿಯರು ಗದರುತ್ತಾರಲ್ಲ, ಅದಕ್ಕೆ ಒಂದು ಲಾಭ ಇದೆ. ಮನೆಯಲ್ಲಿ ಯಾರು ಎಷ್ಟು ಕುಣಿಸುತ್ತಾರೆ ಅಂತ ಅಜ್ಜಿಗೆ ಪಕ್ಕಾ ಗೊತ್ತಿರುತ್ತೆ. ಹೊಸದೇನಾದರೂ ಶುರುವಾಗಿದ್ದರೆ ಮೊದಲು ಅವರನ್ನೇ ಕೇಳಿ.

ಮನಸ್ಸಿಗೆ ಕಷ್ಟ ಆದ್ರೆ ಕೈ ಯಾಕೆ ನಡುಗಬೇಕು? ಬಾಯಿ ಯಾಕೆ ಒಣಗಬೇಕು?

ತೋಟಕ್ಕೆ ಹೋಗುವಾಗ ಕಾಲ ಬುಡದಲ್ಲಿ ಹಾವು ಸರಿಯಿತು ಅಂದುಕೊಳ್ಳಿ. ನೀವು ಯೋಚನೆ ಮಾಡುವ ಮುಂಚೆಯೇ ಮೈ ಹಾರಿರುತ್ತೆ. ಮೂತ್ರಪಿಂಡದ ಮೇಲೆ ಕೂತಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಎದೆ ಢವಢವ ಅನ್ನುತ್ತೆ, ಉಸಿರು ಜೋರಾಗುತ್ತೆ. ರಕ್ತ ದೊಡ್ಡ ಸ್ನಾಯುಗಳ ಕಡೆ ಹರಿಯುತ್ತೆ, ಬೆರಳು ತಣ್ಣಗಾಗುತ್ತೆ. ಈ ಹೊತ್ತಲ್ಲಿ ಊಟ ಜೀರ್ಣ ಮಾಡುವ ಕೆಲಸ ಮೈಗೆ ಮುಖ್ಯವಲ್ಲ, ಅದಕ್ಕೇ ಬಾಯಲ್ಲಿ ನೀರು ಕಡಿಮೆಯಾಗುತ್ತೆ, ಹೊಟ್ಟೆ ಹಿಂಡಿದ ಹಾಗಾಗುತ್ತೆ. ಅಂಗೈ, ಅಂಗಾಲು ಬೆವರುತ್ತವೆ. ಹೋರಾಡು ಇಲ್ಲವೇ ಓಡು ಅನ್ನುವ ಈ ಸಿದ್ಧತೆಯನ್ನು ಅಮೆರಿಕದ ಶರೀರ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲೇ ವಿವರಿಸಿದ್ದರು.

ಹಾವು ಹೋದಮೇಲೆ ಸ್ವಲ್ಪ ಹೊತ್ತಿಗೆ ಎಲ್ಲ ಇಳಿಯುತ್ತೆ. ಬ್ಯಾಂಕಿನ ನೋಟಿಸು ಹಾಗಲ್ಲ. ಅದು ಮನೆಯ ಮೇಜಿನ ಮೇಲೇ ಇರುತ್ತೆ. ಮೈ ಮಾತ್ರ ಅದೇ ಹಳೇ ರೀತಿಯಲ್ಲಿ ಓಡೋಕೆ ತಯಾರಾಗುತ್ತೆ. ಓಡುವುದೆಲ್ಲಿಗೆ? ಕುರ್ಚಿಯಲ್ಲಿ ಕೂತಿದ್ದೀರಿ. ಆ ಬಿಗಿ ಕಾಲು ಕುಣಿಸುವುದರಲ್ಲಿ, ಪೆನ್ನು ಟಕಟಕ ಅನ್ನಿಸುವುದರಲ್ಲಿ, ಜಗಲಿಯಲ್ಲಿ ಶತಪಥ ಹಾಕುವುದರಲ್ಲಿ ಹೊರಗೆ ಬರುತ್ತೆ. ದಿನಗಟ್ಟಲೆ ಹೀಗೇ ಎಳೆದರೆ ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನಿನ ಲಯವೂ ತಪ್ಪಬಹುದು. ನಿದ್ದೆ, ಹಸಿವು, ಸಿಟ್ಟು ಎಲ್ಲ ಏರುಪೇರಾಗುತ್ತೆ.

ಕುತ್ತಿಗೆ ಉಜ್ಜಿಕೊಳ್ಳುವುದು, ಕೈ ಕೈ ಹಿಸುಕಿಕೊಳ್ಳುವುದು, ತಾಳಿ ಸರ ಹಿಡಿದು ಎಳೆದಾಡುವುದು ಬೇರೆ ಜಾತಿಯವು. ಅವು ತನಗೆ ತಾನೇ ಸಮಾಧಾನ ಮಾಡಿಕೊಳ್ಳುವ ರೀತಿ. ಅಳುವ ಮಗುವಿನ ಬೆನ್ನು ನಾವು ಸವರುತ್ತೇವಲ್ಲ, ದೊಡ್ಡವರು ಅದನ್ನು ತಮಗೆ ತಾವೇ ಮಾಡಿಕೊಳ್ಳುತ್ತಾರೆ.

ಹಾಗಾದ್ರೆ ನಿಜವಾಗಿ ಏನನ್ನ ನೋಡಬೇಕು?

ಆ ಮನುಷ್ಯನ ಮಾಮೂಲಿ ಯಾವುದು, ಅದರಿಂದ ಎಷ್ಟು ಸರಿದಿದ್ದಾನೆ, ಅಷ್ಟೇ.

ಶಿವಮೊಗ್ಗದ ಎಪಿಎಂಸಿಯಲ್ಲಿ ಅಡಿಕೆ ರೇಟು ಕಾಯುತ್ತಾ ಕೂತವರನ್ನು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತೆ. ಒಬ್ಬ ಹಿರಿಯರು ಚೀಲದ ಪಕ್ಕ ಕೂತು ರಾಶಿ ಅನ್ನುವ ಬಗೆಯ ಅಡಿಕೆಯ ಒಂದು ಹೋಳು ತೆಗೆಯುತ್ತಾರೆ. ಹೆಬ್ಬೆರಳ ಉಗುರಲ್ಲಿ ಅದರ ಮೇಲೆ ಗೆರೆ ಎಳೆಯುತ್ತಾರೆ, ಮೂಸುತ್ತಾರೆ, ಮತ್ತೆ ಚೀಲಕ್ಕೆ ಹಾಕುತ್ತಾರೆ. ಇನ್ನೊಂದು ತೆಗೆಯುತ್ತಾರೆ. ಇಡೀ ಬೆಳಿಗ್ಗೆ ಇದೇ. ಹೊಸಬರು ನೋಡಿದರೆ "ಪಾಪ, ಎಷ್ಟು ಟೆನ್ಷನ್" ಅನ್ನುತ್ತಾರೆ. ಆದರೆ ಅವರು ಹೋದ ವರ್ಷವೂ ಹೀಗೇ, ರೇಟು ಏರಿದ ದಿನವೂ ಹೀಗೇ. ಅದು ಅವರ ಕೈಗೆ ಅಂಟಿದ ಚಾಳಿ. ಅವರ ಆಚೆ ಇನ್ನೊಬ್ಬರು. ಮಂಡಿಗೆ ಬಂದರೆ ಹಮಾಲರಿಂದ ಹಿಡಿದು ಸಾಹುಕಾರರವರೆಗೆ ಎಲ್ಲರನ್ನೂ ತಮಾಷೆ ಮಾಡುವ ಆಸಾಮಿ. ಇವತ್ತು ಕಂಬಕ್ಕೆ ಒರಗಿ ನಿಂತಿದ್ದಾರೆ. ಹೆಗಲ ಟವೆಲ್ ಎರಡೂ ಕೈಯಲ್ಲಿ ಹಿಂಡುತ್ತಿದ್ದಾರೆ, ಅದರಲ್ಲಿ ನೀರಿಲ್ಲ. ಚಾ ಬಂತು, ಕುಡಿಯಲಿಲ್ಲ. ನಾನಾದರೆ ಹೋಗಿ ಪಕ್ಕ ನಿಲ್ಲುವುದು ಇವರ ಹತ್ತಿರ.

ಅವರಲ್ಲಿ ಒಂದೇ ಗುರುತಿಲ್ಲ ನೋಡಿ. ಮಾತು ನಿಂತಿದೆ, ಕೈ ಬಿಗಿದಿದೆ, ಚಾ ತಣ್ಣಗಾಗಿದೆ. ಹೀಗೆ ಎರಡು ಮೂರು ಒಟ್ಟಿಗೆ ಬಂದರೆ ನಂಬಬಹುದು. ಒಂಟಿ ಗುರುತನ್ನು ನಂಬುವುದು ಕಷ್ಟ. ಮನೆಯಲ್ಲಾದರೆ ಬೆಳಗಿನ ಜಾವ ಮೂರಕ್ಕೇ ಎಚ್ಚರ, ತಟ್ಟೆಯಲ್ಲಿ ಅನ್ನ ಕಲಸಿ ಬಿಡುವುದು, ಫೋನ್ ರಿಂಗಾದರೆ ಬೆಚ್ಚುವುದು, ಸಣ್ಣದಕ್ಕೂ ಸಿಡುಕು ಇವನ್ನೂ ಜೊತೆಗೆ ನೋಡಿ.

ನಮ್ಮಮ್ಮ ಏನೂ ತೋರಿಸೋದೇ ಇಲ್ಲ. ಸುಮ್ನೆ ಕೆಲಸ ಮಾಡ್ತಾನೇ ಇರ್ತಾರೆ.

ಅದೂ ಒಂದು ತೋರಿಸುವಿಕೆಯೇ. ಮೈ ಬಿಗಿದಾಗ ಎಲ್ಲರೂ ಕಾಲು ಕುಣಿಸುತ್ತಾ ಕೂರುವುದಿಲ್ಲ. ಕೂರಲು ಪುರುಸೊತ್ತು ಸಿಗದವರ ಒತ್ತಡ ಕೆಲಸದೊಳಗೇ ಸೇರಿಕೊಳ್ಳುತ್ತೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವುದು, ರಾತ್ರಿ ಹತ್ತಕ್ಕೆ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸುವುದು, ಒಲೆ ಆರಿದೆಯಾ ಅಂತ ಮೂರು ಸಲ ನೋಡಿ ಬರುವುದು. "ಅಮ್ಮ ಭಾರೀ ಚುರುಕು" ಅಂತ ಮನೆಯವರು ಹೊಗಳಿ ಸುಮ್ಮನಾಗುತ್ತಾರೆ. ಅವರು ಕೆಲಸದ ನಡುವೆ ಮೊದಲು ಹಾಡು ಗುನುಗುತ್ತಿದ್ದರಾ? ಈಗ ನಿಂತಿದೆಯಾ? ಪಾತ್ರೆ ಇಡುವ ಸದ್ದು ಬದಲಾಗಿದೆಯಾ? ಮನೆಮಂದಿಗೆ ಇದು ಕಿವಿಯಲ್ಲೇ ಗೊತ್ತಾಗುತ್ತೆ.

ಇನ್ನು ಕೆಲವರು ಪೂರ್ತಿ ಕಲ್ಲಾಗಿಬಿಡುತ್ತಾರೆ. ಭಯಕ್ಕೆ ಮೈ ಕೊಡುವ ಉತ್ತರಗಳಲ್ಲಿ ಹೆಪ್ಪುಗಟ್ಟುವುದೂ ಒಂದು. ತಣ್ಣಗಿದ್ದಾರೆ ಅಂದಮಾತ್ರಕ್ಕೆ ಆರಾಮಾಗಿದ್ದಾರೆ ಅಂತ ಅಲ್ಲ.

ಕಣ್ಣಿಗೆ ಕಣ್ಣು ಕೊಟ್ಟು ಮಾತಾಡದವರು ಸುಳ್ಳು ಹೇಳ್ತಿದ್ದಾರೆ ಅಂತಾರಲ್ಲ?

ಇದು ಬಹಳ ಜನ ನಂಬಿರುವ, ಬಹಳ ಜನರಿಗೆ ಅನ್ಯಾಯ ಮಾಡಿರುವ ಮಾತು. ನಮ್ಮ ಕಡೆ ಹಿರಿಯರ ಮುಂದೆ, ಮೇಷ್ಟ್ರ ಮುಂದೆ, ಕಚೇರಿಯ ಸಾಹೇಬರ ಮುಂದೆ ತಲೆ ತಗ್ಗಿಸುವುದು ಮರ್ಯಾದೆ. ಕೈಕಟ್ಟಿ ನಿಲ್ಲುವುದೂ ಮರ್ಯಾದೆಯೇ. ಹೊರಗಿನವರು ಬರೆದ ಪುಸ್ತಕ ಓದಿಕೊಂಡು "ಕೈ ಕಟ್ಟಿದ್ದಾನೆ, ಮನಸ್ಸು ಮುಚ್ಚಿದೆ" ಅಂದರೆ ಹೊಸನಗರದ ಅರ್ಧ ಊರು ಮುಚ್ಚಿದ ಮನಸ್ಸಿನದ್ದೇ ಆಗುತ್ತೆ.

ಸುಳ್ಳು ಪತ್ತೆಯ ಬಗ್ಗೆ ಲೆಕ್ಕ ಇದೆ. 2006ರಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗಿನ ನೂರಾರು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. ಅವುಗಳಲ್ಲಿ ಭಾಗವಹಿಸಿ ತೀರ್ಪು ಕೊಟ್ಟವರು 24 ಸಾವಿರಕ್ಕೂ ಹೆಚ್ಚು. ಸುಳ್ಳೋ ನಿಜವೋ ಅಂತ ಸರಿಯಾಗಿ ಹೇಳಿದ್ದು ನೂರಕ್ಕೆ 54 ಸಲ. ನಾಣ್ಯ ಚಿಮ್ಮಿ ಹೇಳಿದರೂ 50 ಬರುತ್ತೆ.

ಹೆಣ್ಣು ನೋಡುವ ಶಾಸ್ತ್ರವನ್ನು ನೆನೆಸಿಕೊಳ್ಳಿ. ಹುಡುಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿರುತ್ತಾಳೆ. ಬಂದವರು "ನಾಚಿಕೆ ಸ್ವಭಾವ" ಅಂದುಕೊಂಡು ಖುಷಿಯಾಗುತ್ತಾರೆ. ಅವಳಿಗೆ ನಾಚಿಕೆಯೂ ಇರಬಹುದು, ಸಿಟ್ಟೂ ಇರಬಹುದು, ಬಿ.ಎಡ್ ಮುಗಿಸುವ ಆಸೆ ಇದ್ದು ಬಾಯಿ ಬಿಡಲು ಆಗದೆಯೂ ಇರಬಹುದು. ಸೆರಗು ಹೇಳಿದ್ದು ಒಳಗೆ ಏನೋ ಕುದಿಯುತ್ತಿದೆ ಅಂತ ಮಾತ್ರ. ಏನು ಅಂತ ತಿಳಿಯಲು ಅವಳನ್ನೇ ಕೇಳಬೇಕು.

ಪೊಲೀಸರ ಸುಳ್ಳು ಪತ್ತೆ ಯಂತ್ರ ಹೇಗೆ ಕೆಲಸ ಮಾಡುತ್ತೆ ಹಾಗಾದ್ರೆ?

ಅದು ಸುಳ್ಳನ್ನು ಅಳೆಯುವುದಿಲ್ಲ. ಉಸಿರು, ರಕ್ತದೊತ್ತಡ, ನಾಡಿ, ಬೆರಳಿನ ಬೆವರು ಇವನ್ನು ಅಳೆಯುತ್ತೆ. ತಪ್ಪು ಮಾಡದ ಬಡಪಾಯಿ ಹೆದರಿದರೂ ಬೆವರುತ್ತಾನೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಒಪ್ಪಿಗೆ ಇಲ್ಲದೆ ಯಾರ ಮೇಲೂ ಈ ಪರೀಕ್ಷೆ ಮಾಡುವಂತಿಲ್ಲ ಎಂದು ಹೇಳಿದೆ.

ಈ ಯೋಚನೆ ಹೊಸದೂ ಅಲ್ಲ. ಹಳೆಯ ಧರ್ಮಶಾಸ್ತ್ರಗಳಲ್ಲಿ ತಂಡುಲ ದಿವ್ಯ ಅಂತ ಒಂದು ಪರೀಕ್ಷೆ ಇತ್ತು. ಆರೋಪಿಗೆ ಅಕ್ಕಿ ಅಗಿದು ಉಗುಳಲು ಹೇಳುತ್ತಿದ್ದರು. ಉಗುಳಿನಲ್ಲಿ ರಕ್ತ ಕಂಡರೆ, ಮೈ ನಡುಗಿದರೆ ಅಪರಾಧಿ. ಹೆದರಿದವರ ಬಾಯಿ ಒಣಗುತ್ತೆ, ಒಣ ಬಾಯಲ್ಲಿ ಅಕ್ಕಿ ಚುಚ್ಚುತ್ತೆ. ಮೈಯ ಗುಣ ಅವರಿಗೆ ಸರಿಯಾಗೇ ಗೊತ್ತಿತ್ತು. ನಿರಪರಾಧಿಯ ಬಾಯಿಯೂ ಒಣಗುತ್ತೆ ಅನ್ನುವುದಕ್ಕೆ ಮಾತ್ರ ಅಲ್ಲಿ ಜಾಗ ಇರಲಿಲ್ಲ.

ಮಾತಿನಲ್ಲಿ ನೂರಕ್ಕೆ 93 ಭಾಗ ದೇಹಭಾಷೆಯೇ ಅಂತ ಟ್ರೈನಿಂಗ್‌ನಲ್ಲಿ ಹೇಳಿದ್ರು.

ಎಲ್ಲ ಟ್ರೈನಿಂಗಲ್ಲೂ ಹೇಳುತ್ತಾರೆ. ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಸಣ್ಣ ಪ್ರಯೋಗಗಳಿಂದ ಬಂದ ಅಂಕಿ ಅದು. ಇಷ್ಟ ಅನಿಷ್ಟಗಳನ್ನು ಹೇಳುವಾಗ ಪದ ಒಂದು ಹೇಳಿ, ದನಿ ಮತ್ತು ಮುಖ ಇನ್ನೊಂದು ಹೇಳಿದರೆ ಜನ ಯಾವುದನ್ನು ನಂಬುತ್ತಾರೆ ಅನ್ನುವುದಕ್ಕಷ್ಟೇ ಅದು ಅನ್ವಯ. ಎಲ್ಲ ಮಾತಿಗೂ ಅಲ್ಲ. ಆಗಿದ್ದರೆ ತಮಿಳು ಸಿನಿಮಾವನ್ನು ಶಬ್ದ ತೆಗೆದು ನೋಡಿದರೂ ಕಥೆ ಪೂರ್ತಿ ಅರ್ಥ ಆಗಬೇಕಿತ್ತು.

ನಮ್ಮನೆಯವರು ಟೆನ್ಷನ್ ಆದಾಗೆಲ್ಲ ಕವಳ ಹಾಕ್ತಾರೆ. ಅದರಿಂದ ಸಮಾಧಾನ ಸಿಗುತ್ತಾ?

ಮಲೆನಾಡಿನಲ್ಲಿ ಉಗುರು ಕಚ್ಚುವುದಕ್ಕಿಂತ ದೊಡ್ಡ ವಿಷಯ ಇದು. ಬೇರೆ ಊರಿನವರು ಸಿಗರೇಟು ಹಚ್ಚುವ ಹೊತ್ತಿಗೆ ನಮ್ಮವರು ಎಲೆ ತೆಗೆಯುತ್ತಾರೆ.

ಅಡಿಕೆಯಲ್ಲಿ ಅರೆಕೋಲಿನ್ ಅನ್ನುವ ವಸ್ತು ಇದೆ. ಅದು ನರಗಳನ್ನು ಚುರುಕು ಮಾಡುತ್ತೆ. ಮೈ ಬೆಚ್ಚಗಾಗುತ್ತೆ, ಸ್ವಲ್ಪ ಬೆವರುತ್ತೆ, ಎಚ್ಚರ ಹೆಚ್ಚಾದ ಹಾಗೆ ಅನಿಸುತ್ತೆ. ತಂಬಾಕು ಸೇರಿದರೆ ನಿಕೋಟಿನ್ ಬೇರೆ. ಜಗಿಯುವ ಕೆಲಸವೇ ಒಂದು ಲಯ, ಬಾಯಿಗೂ ಕೈಗೂ ಉದ್ಯೋಗ. ಹಾಗಾಗಿ ಆ ಕ್ಷಣಕ್ಕೆ ಸಮಾಧಾನ ಸಿಗುವುದು ಸುಳ್ಳಲ್ಲ. ಇಳಿದಮೇಲೆ ಮತ್ತೆ ಬೇಕು ಅನಿಸುತ್ತೆ. ಹಾಕದಿದ್ದರೆ ಸಿಡಿಮಿಡಿ. ಆಗ ಸಿಡಿಮಿಡಿ ಒತ್ತಡದಿಂದಲೋ ಕವಳ ಇಲ್ಲದ್ದರಿಂದಲೋ ಅಂತ ಅವರಿಗೇ ತಿಳಿಯುವುದಿಲ್ಲ.

ಕವಳ ಹಾಕುವ ರೀತಿಯನ್ನು ಗಮನಿಸಿ. ನೆಮ್ಮದಿಯಲ್ಲಿರುವವರು ಎಲೆಯನ್ನು ತೊಡೆಗೆ ಒರೆಸಿ, ತೊಟ್ಟು ಮುರಿದು, ಬೆನ್ನಿನ ನಾರು ಎಳೆದು ತೆಗೆದು, ಸುಣ್ಣವನ್ನು ಬೆರಳ ತುದಿಯಲ್ಲಿ ತೆಳ್ಳಗೆ ಸವರಿ, ಅಡಕತ್ತರಿಯಲ್ಲಿ ಹೋಳು ಮಾಡಿ, ಮಡಚಿ ಬಾಯಿಗಿಡುತ್ತಾರೆ. ನಡುವೆ ಊರ ಸುದ್ದಿ ಎಲ್ಲ ಮುಗಿದಿರುತ್ತೆ. ಅದೇ ಮನುಷ್ಯ ನಾರು ತೆಗೆಯದೆ, ಸುಣ್ಣ ಎಷ್ಟಾಯಿತು ಅಂತ ನೋಡದೆ, ಹಿಂದಿನದ್ದು ಉಗುಳಿದ ಕೂಡಲೇ ಮುಂದಿನದ್ದು ತುರುಕುತ್ತಿದ್ದರೆ ಏನೋ ಕೊರೆಯುತ್ತಿದೆ.

ಇನ್ನೊಂದು ಮಾತು, ಅಡಿಕೆ ಬೆಳೆಯುವ ಊರಲ್ಲಿ ಹೇಳಿದರೆ ಮುಖ ಗಂಟಾಗುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ, ತಂಬಾಕು ಇಲ್ಲದಿದ್ದರೂ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಮ್ಮ ಹೊಟ್ಟೆಪಾಡು ಅದರಲ್ಲೇ ಇದೆ ಅನ್ನುವುದೂ ನಿಜ, ಇದೂ ನಿಜ. ಬಾಯಿ ಮೊದಲಿನಷ್ಟು ಅಗಲ ತೆರೆಯುತ್ತಿಲ್ಲ, ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಬಾಯೊಳಗೆ ಹೋಗುತ್ತಿಲ್ಲ, ಖಾರ ತಾಗಿದರೆ ಉರಿ ಅಂದರೆ ದಂತ ವೈದ್ಯರಿಗೆ ತೋರಿಸಿ. ತಡ ಮಾಡಬೇಡಿ.

ಇಷ್ಟು ಚೆಂದದ ಊರಲ್ಲಿ ಇದ್ದು ನಿಮಗೆಂತ ಒತ್ತಡ ಅಂತ ಬೆಂಗಳೂರಿನವರು ಕೇಳ್ತಾರೆ.

ಜೋಗ ನೋಡಲು ಬಂದವರಿಗೆ ಮಳೆ ಅಂದರೆ ಫೋಟೋ. ತೋಟ ಇದ್ದವರಿಗೆ ಮಳೆ ಅಂದರೆ ಅಡಿಕೆಯ ಕೊಳೆ ರೋಗ. ಅದನ್ನು ತಡೆಯಲು ಬೋರ್ಡೋ ದ್ರಾವಣ ಹೊಡೆಸಬೇಕು, ಮಳೆ ಬಿಡುವು ಕೊಡುವುದಿಲ್ಲ. ಬಿಡುವು ಕೊಟ್ಟ ದಿನ ಮರ ಹತ್ತುವ ಕೊನೆಗೌಡ ಸಿಗುವುದಿಲ್ಲ. ಈಚೆಗೆ ಎಲೆಚುಕ್ಕೆ ರೋಗ ಬೇರೆ. ಶರಾವತಿ ಕಣಿವೆಯಲ್ಲಿ 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ ಬಿಟ್ಟವರ ಮೊಮ್ಮಕ್ಕಳು ಇನ್ನೂ ಜಮೀನಿನ ಹಕ್ಕುಪತ್ರದ ಕಡತ ಹಿಡಿದು ಓಡಾಡುತ್ತಿದ್ದಾರೆ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಈಗಲೂ ಬೇಸಿಗೆ ಬಂತೆಂದರೆ ಹೆದರಿಸುತ್ತೆ. 2019ರಲ್ಲಿ ಸಾಗರದ ಅರಳಗೋಡು ಸುತ್ತ ಅದು ಜೀವಗಳನ್ನು ತೆಗೆದುಕೊಂಡಿತು. ಅದಾದಮೇಲೆ ಕಾಡಂಚಿನ ಮನೆಗಳಲ್ಲಿ ಯಾರಿಗಾದರೂ ಮೈ ಬಿಸಿಯಾದರೆ ಸಾಕು, ಇಡೀ ಮನೆ ನಿದ್ದೆ ಬಿಡುತ್ತೆ. ಮಕ್ಕಳೆಲ್ಲ ಬೆಂಗಳೂರು ಸೇರಿ, ದೊಡ್ಡ ಮನೆಯಲ್ಲಿ ಇಬ್ಬರೇ ವಯಸ್ಸಾದವರು ಉಳಿದಿರುವುದಂತೂ ಊರೂರ ಕಥೆ.

ಮಳೆ ಜೋರಾದ ರಾತ್ರಿ ಅಪ್ಪಯ್ಯ ಎದ್ದು ಜಗಲಿಯಲ್ಲಿ ಟಾರ್ಚ್ ಹಾಕಿ ತೋಟದ ಕಡೆ ಬಿಡುತ್ತಾರಲ್ಲ, ಅಷ್ಟು ದೂರಕ್ಕೆ ಬೆಳಕು ಹೋಗುವುದಿಲ್ಲ ಅಂತ ಅವರಿಗೂ ಗೊತ್ತು.

ಮಗು ಉಗುರು ಕಚ್ಚುತ್ತೆ. ಬೇವಿನೆಣ್ಣೆ ಹಚ್ಚಬಹುದಾ? ಎರಡು ಬಿಟ್ಟರೆ ಸರಿಹೋಗುತ್ತಾ?

ಹೊಡೆಯಬೇಡಿ. ನೆಂಟರ ಮುಂದೆ "ಇವನ ಕೈ ನೋಡಿ" ಅಂತ ಆಡಿಕೊಳ್ಳಲೂ ಬೇಡಿ. ಎರಡರಿಂದಲೂ ಬಿಗಿ ಜಾಸ್ತಿಯಾಗುತ್ತೆ, ಬಿಗಿ ಜಾಸ್ತಿಯಾದರೆ ಕೈ ಬಾಯಿಗೇ ಹೋಗುತ್ತೆ. ಬೇವಿನೆಣ್ಣೆಯ ಕಹಿ ಕೆಲವು ಮಕ್ಕಳಿಗೆ "ಓ, ಕೈ ಬಾಯಿಗೆ ಬಂತು" ಅಂತ ನೆನಪು ಮಾಡುತ್ತೆ, ಅಷ್ಟೇ. ಅದನ್ನು ಶಿಕ್ಷೆಯ ಹಾಗೆ ಹಚ್ಚಿದರೆ ಪ್ರಯೋಜನ ಇಲ್ಲ. ಎಣ್ಣೆ ಹೊಟ್ಟೆಗೆ ಹೋಗುವುದು ಒಳ್ಳೇದಲ್ಲ, ಪುಟ್ಟ ಮಕ್ಕಳಿಗಂತೂ ಬೇಡವೇ ಬೇಡ.

ಕೆಲಸ ಮಾಡುವ ದಾರಿಯನ್ನು ನೇಥನ್ ಅಜ್ರಿನ್ ಮತ್ತು ಗ್ರೆಗರಿ ನನ್ 1973ರಲ್ಲಿ ತೋರಿಸಿದರು. ಮೊದಲು ಕೈ ಬಾಯಿಗೆ ಹೋಗುವುದು ಮಗುವಿನ ಗಮನಕ್ಕೇ ಬರಬೇಕು. ಗಮನಕ್ಕೆ ಬಂದ ಕೂಡಲೇ ಆ ಕೈಗೆ ಬೇರೆ ಕೆಲಸ: ಮುಷ್ಟಿ ಬಿಗಿ ಹಿಡಿಯುವುದು, ರಬ್ಬರು ಹಿಸುಕುವುದು, ಒಂದೆರಡು ನಿಮಿಷ. ಮನೆಯವರು ಬೈಯದೆ, ಮಾಡಿದಾಗ "ಹಾಂ, ನೆನಪಾಯ್ತಲ್ಲ" ಅನ್ನುವುದು. ಉಗುರು ಸಣ್ಣಗೆ ಕತ್ತರಿಸಿ ಇಡಿ, ಕಚ್ಚೋಕೆ ಅಂಚೇ ಸಿಗಬಾರದು. ಉಗುರುಸುತ್ತು ಆಗಿ ಕೀವು ತುಂಬಿದರೆ ಡಾಕ್ಟರ್ ಹತ್ತಿರ ಹೋಗಿ.

ಇದರ ಜೊತೆಗೆ ಹೊತ್ತು ನೋಡಿ. ಭಾನುವಾರ ಸಂಜೆ ಜಾಸ್ತಿಯಾ? ಹಾಗಿದ್ದರೆ ಸೋಮವಾರದ ಶಾಲೆಯಲ್ಲಿ ಏನಿದೆ ಅಂತ ಕೇಳಿ. ಪಿಯುಸಿಗೆ ಅಂತ ಹಳ್ಳಿ ಬಿಟ್ಟು ಶಿವಮೊಗ್ಗದ ಹಾಸ್ಟೆಲ್ ಸೇರಿದ ಮಕ್ಕಳಲ್ಲಿ ಬಿಟ್ಟುಹೋಗಿದ್ದ ಚಾಳಿ ಮತ್ತೆ ಬರುವುದು ಸಾಮಾನ್ಯ.

ಕೂದಲು ಕಿತ್ಕೊಳ್ಳೋದು, ಚರ್ಮ ಕೆರೆದು ಗಾಯ ಮಾಡ್ಕೊಳ್ಳೋದು?

ಇದನ್ನು ಚಾಳಿ ಅಂತ ಬಿಡಬೇಡಿ. ತಲೆಯಲ್ಲಿ ಅಲ್ಲಲ್ಲಿ ಬೋಳು ಕಾಣುತ್ತಿದ್ದರೆ, ಗಾಯ ಮಾಗಲು ಬಿಡದಿದ್ದರೆ, ನಿಲ್ಲಿಸಬೇಕು ಅಂದರೂ ಆಗದಿದ್ದರೆ ಅದು ಚಿಕಿತ್ಸೆ ಇರುವ ಕಾಯಿಲೆ. ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿ ಎರಡನ್ನೂ ಗೀಳು ಕಾಯಿಲೆಯ ನೆಂಟರ ಪಟ್ಟಿಯಲ್ಲಿ ಇಟ್ಟಿದೆ. ಕಿತ್ತ ಕೂದಲನ್ನು ನುಂಗುವ ಮಕ್ಕಳೂ ಇರುತ್ತಾರೆ. ಅದು ಹೊಟ್ಟೆಯಲ್ಲಿ ಉಂಡೆಗಟ್ಟಿ ಆಪರೇಷನ್ ಬೇಕಾಗಬಹುದು.

ರಾತ್ರಿ ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳ ಅಂತಾರೆ.

ಹಲ್ಲು ಕಡಿದರು ಅಂದಮಾತ್ರಕ್ಕೆ ಹುಳ ಅನ್ನುವ ಹಾಗಿಲ್ಲ. ಜಂತುಹುಳದ ಮಾತ್ರೆಯನ್ನು ಶಾಲೆಯಲ್ಲಿ ಕೊಟ್ಟಾಗ ಕೊಡಿಸಿ, ಅದು ಬೇರೆ ವಿಷಯ. ಮಕ್ಕಳಲ್ಲಿ ಹಲ್ಲು ಕಡಿಯುವುದು ಸಾಮಾನ್ಯ, ಬೆಳೆಯುತ್ತಾ ಬಿಟ್ಟುಹೋಗುವುದೇ ಹೆಚ್ಚು. ದೊಡ್ಡವರು ಬೆಳಿಗ್ಗೆ ದವಡೆ ನೋವು, ಕಿವಿಯ ಮುಂದೆ ನೋವು, ಕಣತಲೆ ಸೆಳೆತ ಅಂತ ಏಳುತ್ತಿದ್ದರೆ, ಹಲ್ಲು ಸವೆದಿದ್ದರೆ ದಂತ ವೈದ್ಯರು ನೋಡಿದ ಕೂಡಲೇ ಹೇಳುತ್ತಾರೆ. ಹಗಲಲ್ಲೂ ಒಮ್ಮೆ ಗಮನಿಸಿ. ಇದನ್ನು ಓದುವಾಗ ನಿಮ್ಮ ಮೇಲಿನ ಕೆಳಗಿನ ಹಲ್ಲು ಒತ್ತಿಕೊಂಡಿವೆಯಾ? ಬಾಯಿ ಮುಚ್ಚಿ ಸುಮ್ಮನಿದ್ದಾಗ ಹಲ್ಲುಗಳು ಒಂದಕ್ಕೊಂದು ತಾಗಬಾರದು.

ಎದೆ ಢವಢವ, ಹೊಟ್ಟೆ ಉಬ್ಬರ. ಗ್ಯಾಸ್ಟ್ರಿಕ್ ಮಾತ್ರೆ ತಿಂದರೂ ಹೋಗಲ್ಲ.

ನಮ್ಮ ಕಡೆ ಮನಸ್ಸಿನ ಕಷ್ಟಕ್ಕೆ ಗ್ಯಾಸ್ಟ್ರಿಕ್ ಅಂತ ಹೆಸರು. ಹೇಳಿಕೊಳ್ಳಲು ನಾಚಿಕೆ ಇಲ್ಲ, ಮೆಡಿಕಲ್ ಶಾಪಿನಲ್ಲಿ ಮಾತ್ರೆಯೂ ಸಿಗುತ್ತೆ. ಆದರೆ ಎದೆ ನೋವು, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು, ಉಸಿರು ಕಟ್ಟುವುದು ಇದ್ದರೆ ಮೊದಲು ಆಸ್ಪತ್ರೆ, ಇಸಿಜಿ. ಗ್ಯಾಸ್ಟ್ರಿಕ್ಕೂ ಅಲ್ಲ, ಟೆನ್ಷನ್ನೂ ಅಲ್ಲ ಅಂತ ತಿಳಿದೇ ಹೋಗಬೇಕು. ಹೃದಯ ಚೆನ್ನಾಗಿದೆ ಅಂತ ಬಂದು, ಆದರೂ ಪದೇ ಪದೇ ಹೀಗೇ ಆದರೆ ಆಗ ಒತ್ತಡದ ಕಡೆ ನೋಡಿ.

ಬೇರೆ ಕಾಯಿಲೆಗಳೂ ಒತ್ತಡದ ವೇಷ ಹಾಕುತ್ತವೆ. ಥೈರಾಯ್ಡ್ ಜಾಸ್ತಿಯಾದರೆ ಕೈ ನಡುಕ, ಬೆವರು, ತೂಕ ಇಳಿತ. ಕಬ್ಬಿಣದ ಅಂಶ ಕಡಿಮೆಯಾದರೆ ರಾತ್ರಿ ಮಲಗಿದಾಗ ಕಾಲು ಸುಮ್ಮನಿರುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿದರೂ ನಡುಕ. ಅಸ್ತಮಾದ ಕೆಲವು ಇನ್‌ಹೇಲರ್‌ಗಳಿಂದಲೂ ಕೈ ನಡುಗುತ್ತೆ. ಲೋಟಗಟ್ಟಲೆ ಕಾಫಿಯಂತೂ ಹೇಳಬೇಕಾಗಿಲ್ಲ. ದಿನಾ ಕುಡಿಯುವವರಿಗೆ ಬೆಳಿಗ್ಗೆ ಕೈ ನಡುಗಿದರೆ ಅದು ಮೈ ಮದ್ಯ ಕೇಳುವ ರೀತಿ. ಅಂಥವರು ಮನೆಯಲ್ಲೇ ಒಮ್ಮೆಗೇ ಬಿಟ್ಟರೆ ಫಿಟ್ಸ್ ಬರಬಹುದು. ಆಸ್ಪತ್ರೆಯ ಸಹಾಯದಲ್ಲೇ ಬಿಡಿಸಿ.

ಚೌಡಿ ಕಾಟ ಇರಬಹುದು ಅಂತ ಮನೆಯಲ್ಲಿ ಹೇಳ್ತಾರೆ. ಏನು ಮಾಡೋದು?

ನಮ್ಮ ಕಡೆಯ ಗ್ರಾಮದೇವತೆ ಚೌಡಿಗೆ ಹಣ್ಣುಕಾಯಿ ಮಾಡಿಸಿ, ಬೇಡ ಅನ್ನಲ್ಲ. ಮನೆಮಂದಿ ಒಟ್ಟಿಗೆ ಸೇರಿ ಒಬ್ಬರಿಗಾಗಿ ಕೈ ಮುಗಿದರೆ ಆ ಮನುಷ್ಯನಿಗೆ ನಾನು ಒಂಟಿಯಲ್ಲ ಅನಿಸುತ್ತೆ, ಅದು ಸಣ್ಣದಲ್ಲ. ಆದರೆ ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡಹುವುದು, ಕೊಡುತ್ತಿದ್ದ ಮಾತ್ರೆ ನಿಲ್ಲಿಸುವುದು ಬೇಡ. ಪೂಜೆ ಆದ ವಾರದಲ್ಲೇ ಡಾಕ್ಟರ್ ಹತ್ತಿರವೂ ಹೋಗಿ ಬನ್ನಿ.

ಒಳಗೆ ಏನೋ ಇದೆ ಅಂತ ಗೊತ್ತಾಗುತ್ತೆ. ಹೇಗೆ ಕೇಳೋದು?

"ಯಾಕೆ ಉಗುರು ಕಚ್ತಿದ್ದೀಯಾ?" ಅಂದರೆ ಕೈ ಬಾಯಿಂದ ಇಳಿಯುತ್ತೆ, ಬಾಯಿ ಮುಚ್ಚಿಕೊಳ್ಳುತ್ತೆ. "ಎಂತದ್ದೂ ಇಲ್ಲ" ಅನ್ನುವ ಉತ್ತರ ಬರುತ್ತೆ.

ಎದುರಿಗೆ ಕೂರಿಸಿಕೊಂಡು ಕೇಳಬೇಡಿ. ಪಕ್ಕದಲ್ಲಿ ಕೂತು, ಕೈಗೆ ಕೆಲಸ ಇದ್ದಾಗ ಕೇಳಿ. ಅಡಿಕೆ ಸುಲಿಯುವ ದಿನಗಳನ್ನು ಕಂಡವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂತಾಗ ಎಲ್ಲರ ಕಣ್ಣೂ ಕತ್ತಿಯ ಮೇಲೆ, ಮುಖ ನೋಡುವವರಿಲ್ಲ. ಅತ್ತೆಯ ಮೇಲಿನ ಸಿಟ್ಟು, ಸಾಲದ ಲೆಕ್ಕ, ಮುರಿದ ಮದುವೆಯ ಮಾತು ಎಲ್ಲ ಅಲ್ಲೇ ಹೊರಗೆ ಬರುತ್ತಿತ್ತು. ಈಗ ಸುಲಿಯುವ ಮಿಷನ್ ಬಂದಿದೆ, ಅದರ ಗಲಾಟೆಯಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಇರಲಿ, ಬೈಕಿನಲ್ಲಿ ಪೇಟೆಗೆ ಹೋಗುವಾಗ ಕೇಳಬಹುದು. ಹಲಸಿನ ಹಣ್ಣು ಬಿಡಿಸುವಾಗ ಕೇಳಬಹುದು.

ಕಂಡದ್ದನ್ನು ಹೇಳಿ, ತೀರ್ಮಾನ ಹೇಳಬೇಡಿ. "ಈಚೆಗೆ ರಾತ್ರಿ ಎದ್ದು ಕೂರ್ತೀಯಲ್ಲ ತಮ್ಮಾ, ಎಂತಾಯ್ತು?" ಅಂತ ಒಂದು ಮಾತು. ಆಮೇಲೆ ಸುಮ್ಮನಿರಿ. ಈ ಸುಮ್ಮನಿರುವುದೇ ಕಷ್ಟದ ಕೆಲಸ. ಅವರು ಬಾಯಿ ತೆರೆಯುವ ಮೊದಲೇ "ಎಲ್ಲ ಸರಿಹೋಗುತ್ತೆ ಬಿಡು" ಅಂದರೆ ಅಲ್ಲಿಗೆ ಮುಗಿಯಿತು. ಇವತ್ತು ಹೇಳದಿದ್ದರೆ ನಾಲ್ಕು ದಿನ ಬಿಟ್ಟು ಮತ್ತೊಮ್ಮೆ ಕೇಳಿ. ಎರಡನೇ ಸಲ ಕೇಳಿದಾಗ ಬಾಯಿ ಬಿಡುವವರು ಬಹಳ ಜನ.

ಇಂಟರ್‌ವ್ಯೂಗೆ ಹೋಗ್ತಿದ್ದೀನಿ. ನಡುಕ ಮುಚ್ಚಿಡೋದು ಹೇಗೆ?

ಪೂರ್ತಿ ಮುಚ್ಚಿಡಲು ಹೋಗಬೇಡಿ, ಅದಕ್ಕೇ ಅರ್ಧ ಶಕ್ತಿ ಹೋಗುತ್ತೆ. ಎರಡು ನಿಮಿಷ ಕೈಕಾಲು ಹರಡಿ ಠೀವಿಯಿಂದ ಕೂತರೆ, ನಿಂತರೆ ಧೈರ್ಯದ ಹಾರ್ಮೋನ್ ಏರುತ್ತೆ ಅಂತ 2010ರಲ್ಲಿ ಒಂದು ಸಂಶೋಧನೆ ಬಂದು ಜಗತ್ತೆಲ್ಲ ಸುತ್ತಿತು. 2015ರಲ್ಲಿ ದೊಡ್ಡ ಗುಂಪಿನ ಮೇಲೆ ಮತ್ತೆ ಮಾಡಿ ನೋಡಿದಾಗ ಹಾರ್ಮೋನ್ ಏರಲಿಲ್ಲ. ಅದರ ಮೊದಲ ಲೇಖಕಿಯೇ ಮರುವರ್ಷ ತನಗೆ ಅದರಲ್ಲಿ ನಂಬಿಕೆ ಉಳಿದಿಲ್ಲ ಅಂದರು. ಅದಕ್ಕಿಂತ ಉಸಿರು ಉಪಯೋಗ. ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ, ಉದ್ದವಾಗಿ ಹೊರಗೆ ಬಿಡಿ. ಕೆಲವು ಸಲ ಮಾಡಿದರೆ ಎದೆಬಡಿತ ಸ್ವಲ್ಪ ಇಳಿಯುತ್ತೆ. ಕೈಯಲ್ಲಿ ಒಂಟಿ ಹಾಳೆ ಹಿಡಿಯಬೇಡಿ, ನಡುಕ ಎದ್ದು ಕಾಣುತ್ತೆ. ಫೈಲ್ ಹಿಡಿಯಿರಿ. ನೀರು ಕೇಳಲು ಸಂಕೋಚ ಬೇಡ. ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲಿ ಹಳೇ ವೇಷಧಾರಿಗಳನ್ನು ಕೇಳಿ ನೋಡಿ, ರಂಗಕ್ಕೆ ಹೋಗುವ ಮುಂಚೆ ಹೊಟ್ಟೆ ಕಿವುಚುವುದು ಇನ್ನೂ ನಿಂತಿಲ್ಲ ಅನ್ನುವವರು ಸಿಗುತ್ತಾರೆ.

ಸಾಯುವ ಮಾತು ಆಡಿದರೆ? ಕೇಳಿದರೆ ಇನ್ನೂ ತಲೆಗೆ ಹೋಗಬಹುದಲ್ವಾ?

ಇ‌ಲ್ಲ. ನೇರವಾಗಿ ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. "ಬದುಕೋದೇ ಬೇಡ ಅನಿಸ್ತಿದೆಯಾ?" ಅಂತ ಮೆತ್ತಗೆ, ಸ್ಪಷ್ಟವಾಗಿ ಕೇಳಿ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ತೋಟದ ಔಷಧಿ, ಕಳೆನಾಶಕ ಎಲ್ಲ ಬೀಗದೊಳಗೆ ಹೋಗಲಿ, ಬೀಗದ ಕೈ ಬೇರೆಯವರ ಹತ್ತಿರ ಇರಲಿ. ಬಹಳ ದಿನ ಒದ್ದಾಡುತ್ತಿದ್ದವರು ಇದ್ದಕ್ಕಿದ್ದಂತೆ ಶಾಂತವಾಗಿ, ಸಾಲ ಚುಕ್ತಾ ಮಾಡಿ, ಇಷ್ಟದ ವಸ್ತುಗಳನ್ನು ಹಂಚಲು ಶುರುಮಾಡಿದರೆ ಸಮಾಧಾನ ಪಡಬೇಡಿ, ಅವತ್ತೇ ಸಹಾಯ ಪಡೆಯಿರಿ. ಪೊಲೀಸ್ ಕೇಸಿನ ಹೆದರಿಕೆಯಿಂದ ಆಸ್ಪತ್ರೆಗೆ ತಡ ಮಾಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸುತ್ತೆ. ಶಿಕ್ಷೆಗಿಂತ ಆರೈಕೆ ಮೊದಲು ಅಂತ ಅದರ ಧೋರಣೆ.

ಎಲ್ಲಿಗೆ ಹೋಗೋದು? ಊರಲ್ಲಿ ಗೊತ್ತಾದರೆ?

ಮನೆಯಿಂದಲೇ ಆಗಬೇಕು ಅಂದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ ಹೆಸರು, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸೇವೆ. ಹಗಲು ರಾತ್ರಿ ಸಿಗುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯೊಳಗೆ ನೆಟ್‌ವರ್ಕ್ ಸಿಗದಿದ್ದರೆ ಸಿಗುವ ದಿಬ್ಬದ ಹತ್ತಿರ ಹೋಗಿಯೇ ಮಾಡಿ, ಅಲ್ಲಿ ಕೇಳಿಸಿಕೊಳ್ಳುವವರೂ ಇರುವುದಿಲ್ಲ.

ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗ ಇದೆ. ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಬರುವ ದಿನ ಗೊತ್ತುಮಾಡಿರುತ್ತಾರೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ದಿನ ಅಂತ ತಿಳಿಯುತ್ತೆ. ನೀವು ಹೇಳಿದ್ದನ್ನು ಗುಟ್ಟಾಗಿಡುವುದು ಅದೇ 2017ರ ಕಾಯ್ದೆಯ ಪ್ರಕಾರ ಅವರ ಕರ್ತವ್ಯ. ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರು ಸಿಕ್ಕಿ "ಎಲ್ಲಿಗೆ ಹೊರಟ್ರಿ?" ಅಂದರೆ "ಆಸ್ಪತ್ರೆಗೆ, ನಿದ್ದೆ ಬರ್ತಿಲ್ಲ" ಅಂದರೆ ಸಾಕು. ಹೋಗುವಾಗ ಹಳೇ ಚೀಟಿ, ಈಗ ತಿನ್ನುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿಟ್ಟುಕೊಳ್ಳಿ. ಗ್ಯಾಸ್ಟ್ರಿಕ್‌ದೂ ಸೇರಿಸಿ.